ಬಚ್ಚಲಲ್ಲಿ ನೀರು ನಿಂತಾಗ: ಸಿಂಕಿನಿಂದ ಚೇಂಬರ್‌ವರೆಗೆ ಕಟ್ಟಿದ ಪೈಪು ಬಿಡಿಸುವ ಸಮಗ್ರ ಮಾರ್ಗದರ್ಶಿ

ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಸಾಲಾಗಿ ಸ್ನಾನ ಮಾಡುತ್ತಿದ್ದೆವು. ಆರನೆಯವರು ಬಚ್ಚಲಿಗೆ ಹೋಗುವ ಹೊತ್ತಿಗೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಹರಳೆಣ್ಣೆ, ಸೀಗೆಪುಡಿ, ಉದುರಿದ ಕೂದಲು ಮೂರೂ ಸೇರಿದರೆ ಪೈಪಿಗೆ ಬಿರಡೆ ಹಾಕಿದ ಹಾಗೆಯೇ. ಮೈಸೂರು ಸರಸ್ವತಿಪುರಂನ ಈ ಮನೆ ನಮ್ಮ ಮಾವನವರ ಕಾಲದ್ದು. ಹಬ್ಬದ ಗಾಬರಿಯಲ್ಲಿ ಯಾರನ್ನೋ ಕರೆಸಿದೆವು. ಅವರು ಒಂದು ಬಾಟಲಿ ಆಸಿಡ್ ಸುರಿದು, ದುಡ್ಡು ತೆಗೆದುಕೊಂಡು ಹೋದರು. ನೀರೇನೋ ಇಳಿಯಿತು. ಮೂರನೇ ದಿನ ಮತ್ತೆ ನಿಂತಿತು. ಆಸಿಡ್ ಬಿದ್ದ ಕಡೆಯಲ್ಲೆಲ್ಲ ಹೊಸ್ತಿಲ ಪಕ್ಕದ ಕಡಪ ಕಲ್ಲು ಬೆಳ್ಳಗೆ ಸುಲಿದುಹೋಗಿತ್ತು. ಆ ಕಲೆ ಇವತ್ತಿಗೂ ಹೋಗಿಲ್ಲ.

ಆಮೇಲೆ ಬಂದವರು ಶ್ರೀರಂಗಪಟ್ಟಣದ ಕಡೆಯ ಒಬ್ಬ ಹಿರಿಯ ಪ್ಲಂಬರ್. ಅವರು ಬಚ್ಚಲ ಕಡೆ ತಿರುಗಿಯೂ ನೋಡದೆ ನೇರ ಹಿತ್ತಲಿಗೆ ಹೋಗಿ ಚೇಂಬರ್, ಅಂದರೆ ಮನೆಯ ಕೊಳಚೆ ಪೈಪುಗಳು ಬಂದು ಸೇರುವ ಗುಂಡಿಯ, ಮುಚ್ಚಳ ಎತ್ತಿದರು. "ಎಲ್ಲಿ ಕಟ್ಕಂಡದೆ ಅಂತ ತಿಳ್ಕಳ್ದೆ ಏನ್ ಉಯ್ದ್ರೂವೆ ದಂಡ ಕಣ್ರಮ್ಮ" ಅಂದರು. ಅಲ್ಲಿಂದೀಚೆಗೆ ನಮ್ಮ ಮನೆಯಲ್ಲೂ ಮಹಡಿಯ ಬಾಡಿಗೆ ಮನೆಯಲ್ಲೂ ಕಟ್ಟಿದ ಪೈಪುಗಳನ್ನು ಹೆಚ್ಚಿನ ಸಲ ನಾನೇ ಬಿಡಿಸಿಕೊಂಡಿದ್ದೇನೆ. ಎಲ್ಲ ಸಲವೂ ಅವರ ಆ ಮಾತಿನಿಂದಲೇ ಶುರು: ಮೊದಲು ಜಾಗ ಹುಡುಕಬೇಕು.

ನೀರು ಹೋಗುವ ದಾರಿ

ಅಡಿಗೆಮನೆಯ ಸಿಂಕಿನ ಕೆಳಗೆ ಬಾಗಿದ ಪೈಪೋ ಬಾಟಲಿಯಂಥ ಡಬ್ಬವೋ ಇರುತ್ತದಲ್ಲ, ಅದು ಟ್ರ್ಯಾಪ್. ಬಚ್ಚಲಿನ ಜಾಲರಿಯ ಕೆಳಗೆ ನೆಲದೊಳಗೆ ಕೂತಿರುವುದು ನಹಾನಿ ಟ್ರ್ಯಾಪ್. ಕೆಲಸದವರ ಬಾಯಲ್ಲಿ ನಾನಿ ಟ್ರ್ಯಾಪ್. ಇವುಗಳಲ್ಲಿ ಸುಮಾರು 2 ಇಂಚು ನೀರು ಸದಾ ನಿಂತಿರಬೇಕು. ಒಳಚರಂಡಿಯ ನಾತ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದಾಗ ಬಚ್ಚಲು ನಾರುತ್ತಿದ್ದರೆ ಪೈಪು ಕಟ್ಟಿದೆ ಅಂತಲ್ಲ, ಟ್ರ್ಯಾಪಿನ ನೀರು ಆರಿದೆ ಅಂತ. ಒಂದು ಚೊಂಬು ನೀರು ಹಾಕಿದರೆ ಮುಗಿಯಿತು.

ಸಿಂಕು ಮತ್ತು ಬಚ್ಚಲಿನ ನೀರು ಸಾಮಾನ್ಯವಾಗಿ ಗೋಡೆಯಾಚೆ ನೆಲದಲ್ಲಿರುವ ಇನ್ನೊಂದು ಟ್ರ್ಯಾಪ್ ಆದ ಗಲ್ಲಿ ಟ್ರ್ಯಾಪ್‌ಗೆ ಬಂದು, ಅಲ್ಲಿಂದ ಚೇಂಬರ್‌ಗೆ ಸೇರುತ್ತದೆ. ಕಕ್ಕಸಿನ 4 ಇಂಚಿನ ಪೈಪು ಗಲ್ಲಿ ಟ್ರ್ಯಾಪ್‌ಗೆ ಬರುವುದಿಲ್ಲ, ನೇರ ಚೇಂಬರ್‌ಗೇ ಹೋಗುತ್ತದೆ. ಹೀಗೆ ಒಂದು ಚೇಂಬರ್‌ನಿಂದ ಇನ್ನೊಂದಕ್ಕೆ ಇಳಿಯುತ್ತಾ ಕೊನೆಗೆ ರಸ್ತೆಯ ಯುಜಿಡಿ (ಊರಿನ ಒಳಚರಂಡಿ) ಲೈನಿಗೆ. ಮೈಸೂರಿನ ಹಳೆ ಬಡಾವಣೆಗಳಲ್ಲಿ ಈ ದಾರಿ ಮನೆಯ ಮುಂದೆ ಇರದೆ ಹಿಂದೆ ಇರುವುದುಂಟು. ಪ್ಲೇಗಿನಿಂದ ಊರು ನಲುಗಿದ ಮೇಲೆ ಊರನ್ನು ಸುಧಾರಿಸಲೆಂದು 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಆಗಿನ ಹೊಸ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಚರಂಡಿ ಕೆಲಸಕ್ಕೆಂದೇ ಒಂದು ಸಣ್ಣ ಓಣಿ, ಬಿಟ್ಟರು. ಮುಂದಿನ ಅಂಗಳದಲ್ಲಿ ಎಷ್ಟು ಹುಡುಕಿದರೂ ಚೇಂಬರ್ ಸಿಗದಿದ್ದರೆ ಆ ಗಲ್ಲಿಗೆ ಹೋಗಿ ನೋಡಿ. ಯುಜಿಡಿ ಬಾರದ ಹೊರವಲಯದ ಲೇಔಟುಗಳಲ್ಲಾದರೆ ಎಲ್ಲ ನೀರೂ ಮನೆಯ ಪಿಟ್ಟಿಗೇ, ಅಂದರೆ ಕೊಳಚೆ ಗುಂಡಿಗೇ, ಹೋಗುತ್ತದೆ. ಅಲ್ಲಿ ಪಿಟ್ಟು ತುಂಬಿದ್ದರೂ ಮನೆಯೊಳಗೆ ಪೈಪು ಕಟ್ಟಿದ ಹಾಗೇ ಕಾಣುತ್ತದೆ.

ಎಲ್ಲಿ ಕಟ್ಟಿದೆ ಎಂದು ತಿಳಿಯುವ ಬಗೆ

ಬಕೆಟ್ ಹಿಡಿಯುವ ಮೊದಲು ಹತ್ತು ನಿಮಿಷ ಬರೀ ನೋಡಿ. ಸಿಂಕಿನಲ್ಲಿ ಮಾತ್ರ ನೀರು ನಿಂತು ಬಚ್ಚಲಲ್ಲಿ ಸರಾಗವಾಗಿ ಹೋಗುತ್ತಿದ್ದರೆ ತೊಂದರೆ ಸಿಂಕಿನ ಟ್ರ್ಯಾಪಿನಲ್ಲೋ ಅದರ ಪೈಪಿನಲ್ಲೋ ಇದೆ. ಎರಡೂ ಒಟ್ಟಿಗೆ ನಿಂತಿದ್ದು ಕಕ್ಕಸು ಸರಿಯಿದ್ದರೆ ಗಲ್ಲಿ ಟ್ರ್ಯಾಪನ್ನು ನೋಡಬೇಕು. ಕಕ್ಕಸಿನಲ್ಲಿ ಫ್ಲಶ್ ಮಾಡಿದಾಗ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದರೆ ಒಳಗೆ ಏನು ಮಾಡಿದರೂ ಪ್ರಯೋಜನವಿಲ್ಲ. ಚೇಂಬರ್ ಲೈನೇ ಕಟ್ಟಿದೆ.

ಮಹಡಿ ಮನೆ ಇದ್ದವರು ಒಂದು ವಿಷಯ ಗಮನದಲ್ಲಿಡಿ. ಕೆಳಗಿನ ಲೈನ್ ಕಟ್ಟಿದ್ದರೆ ಮೇಲಿನವರಿಗೆ ಏನೂ ಗೊತ್ತಾಗುವುದಿಲ್ಲ. ಅವರು ಬಟ್ಟೆ ಒಗೆದ ನೀರು ಕೆಳಗಿನ ಬಚ್ಚಲಲ್ಲಿ ಉಕ್ಕುತ್ತದೆ. ಆದ್ದರಿಂದ ಮೊದಲು ಮೇಲೆ ಹೋಗಿ, ಕೆಲಸ ಮುಗಿಯುವವರೆಗೆ ನೀರು ಬಿಡಬೇಡಿ ಎಂದು ಹೇಳಿ ಬನ್ನಿ.

ಇನ್ನು ಚೇಂಬರ್. ಮುಚ್ಚಳ ಎತ್ತಿ, ಹಿಂದೆ ಸರಿದು ಐದು ಹತ್ತು ನಿಮಿಷ ಗಾಳಿಯಾಡಲು ಬಿಡಿ. ಮಕ್ಕಳು ಹತ್ತಿರ ಬರಬಾರದು. ಬೀಡಿ, ಸಿಗರೇಟು, ಬೆಂಕಿಕಡ್ಡಿ ಯಾವುದೂ ಹತ್ತಿರ ಇರಬಾರದು. ಮನೆಗೆ ಹತ್ತಿರದ ಚೇಂಬರ್ ಖಾಲಿ ಇದ್ದರೆ ಮನೆಗೂ ಅದಕ್ಕೂ ನಡುವೆ ಕಟ್ಟಿದೆ. ಮೊದಲನೆಯದು ತುಂಬಿ ಎರಡನೆಯದು ಖಾಲಿ ಇದ್ದರೆ ಅವೆರಡರ ನಡುವಿನ ಪೈಪು. ರಸ್ತೆಯ ಪಕ್ಕದ ಕೊನೆಯ ಚೇಂಬರ್ ಕೂಡ ತುಂಬಿ, ಪಕ್ಕದ ಮನೆಯವರೂ ಅದೇ ಗೋಳು ಹೇಳಿಕೊಂಡರೆ ಅದು ರಸ್ತೆ ಲೈನಿನ ತೊಂದರೆ. ನಗರಪಾಲಿಕೆಯ ವಲಯ ಕಚೇರಿಗೆ ದೂರು ಕೊಡಿ, ಮಂಡ್ಯದಲ್ಲಿ ನಗರಸಭೆಗೆ. ಅದಕ್ಕೆ ನೀವು ಪ್ಲಂಬರ್‌ಗೆ ದುಡ್ಡು ಕೊಡಬೇಕಾಗಿಲ್ಲ.

ಸಿಂಕು

ಬೇಕಾದದ್ದು ಒಂದು ಬಕೆಟ್, ಹಳೆ ಬಟ್ಟೆ, ಕೈಗೆ ರಬ್ಬರ್ ಗ್ಲೌಸ್, ಒಂದು ಪ್ಲಂಜರ್ (ಹಿಡಿಯ ತುದಿಗೆ ರಬ್ಬರ್ ಬಟ್ಟಲು ಇರುವುದು), ಮತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಉದ್ದನೆಯ ಸ್ಪ್ರಿಂಗ್ ವೈರು.

1. ನಿಂತ ನೀರನ್ನು ಚೊಂಬಿನಿಂದ ಮೊಗೆದು ಹಾಕಿ. ಪ್ಲಂಜರ್‌ನ ಬಟ್ಟಲು ಮುಳುಗುವಷ್ಟು ನೀರು ಮಾತ್ರ ಉಳಿಯಲಿ. ನೀರಿಲ್ಲದೆ ಒತ್ತಿದರೆ ಬರೀ ಗಾಳಿ ಕುಗ್ಗುತ್ತದೆ, ಒತ್ತಡ ಕೆಳಗಿಳಿಯುವುದಿಲ್ಲ.

2. ಸಿಂಕಿನ ಮೇಲ್ಭಾಗದಲ್ಲಿ ಓವರ್‌ಫ್ಲೋ ತೂತು ಇದ್ದರೆ ಒದ್ದೆ ಬಟ್ಟೆ ತುರುಕಿ ಮುಚ್ಚಿ. ಜೋಡಿ ಸಿಂಕಾದರೆ ಇನ್ನೊಂದರ ತೂತನ್ನೂ ಮುಚ್ಚಿ. ಬಹಳ ಜನ ಬಿಡುವುದು ಇದನ್ನೇ.

3. ಪ್ಲಂಜರನ್ನು ತೂತಿನ ಮೇಲೆ ಸರಿಯಾಗಿ ಕೂರಿಸಿ, ಹದಿನೈದು ಇಪ್ಪತ್ತು ಸಲ ಬಿಡದೆ ಒತ್ತಿ ಎಳೆಯಿರಿ. ಕಟ್ಟಿದ್ದನ್ನು ಸಡಿಲ ಮಾಡುವುದು ಒತ್ತುವುದಕ್ಕಿಂತ ಹೆಚ್ಚಾಗಿ ಎಳೆತ. ಕೊನೆಯಲ್ಲಿ ಸರಕ್ಕನೆ ಕಿತ್ತು ತೆಗೆಯಿರಿ.

4. ಎರಡು ಮೂರು ಸುತ್ತಿಗೂ ಬಗ್ಗದಿದ್ದರೆ ಟ್ರ್ಯಾಪ್ ಬಿಚ್ಚಿ. ಕೆಳಗೆ ಬಕೆಟ್ ಇಟ್ಟು, ಬಾಟಲಿ ಟ್ರ್ಯಾಪಿನ ಕೆಳಭಾಗವನ್ನು ಕೈಯಲ್ಲೇ ತಿರುಗಿಸಿ. ಪ್ಲಾಸ್ಟಿಕ್ಕಿಗೆ ಸ್ಪ್ಯಾನರ್ ಹಾಕಿದರೆ ಮರೆ (ತಿರುಪಿನ ಗೀರು) ಹಾಳಾಗುತ್ತದೆ. ವಾಷರ್ ಯಾವ ಮುಖವಾಗಿ ಕೂತಿತ್ತು ಎಂದು ನೋಡಿಟ್ಟುಕೊಳ್ಳಿ.

5. ಟ್ರ್ಯಾಪನ್ನು ಹೊರಗಿನ ನಲ್ಲಿಯಲ್ಲಿ ತೊಳೆಯಿರಿ. ಬಕೆಟ್ಟಿನ ನೀರನ್ನು ಅಭ್ಯಾಸಬಲದಿಂದ ಅದೇ ಸಿಂಕಿಗೆ ಸುರಿಯಬೇಡಿ, ಕೆಳಗೆ ಪೈಪಿಲ್ಲ.

6. ಟ್ರ್ಯಾಪು ಸ್ವಚ್ಛವಾಗಿದ್ದೂ ನೀರು ಹೋಗದಿದ್ದರೆ ಗೋಡೆಯೊಳಗಿನ ಪೈಪಿಗೆ ಸ್ಪ್ರಿಂಗ್ ವೈರು ಬಿಡಿ. ಒಂದೇ ದಿಕ್ಕಿಗೆ ತಿರುಗಿಸುತ್ತಾ ನಿಧಾನವಾಗಿ ತಳ್ಳಿ. ಮೆತ್ತಗೆ ತಡೆದರೆ ಜಿಡ್ಡು, ಗಟ್ಟಿಯಾಗಿ ನಿಂತರೆ ಪೈಪು ತಿರುಗುವ ಬೆಂಡು. ಬೆಂಡಿನಲ್ಲಿ ಜೋರು ಮಾಡಬೇಡಿ. ತಿರುಗಿಸುತ್ತಿದ್ದರೆ ಅದೇ ದಾರಿ ಹಿಡಿಯುತ್ತದೆ.

ಒಂದು ಸಲ ನಮ್ಮ ಸಿಂಕಿನ ಟ್ರ್ಯಾಪ್ ಬಿಚ್ಚಿದಾಗ ಬಿದ್ದದ್ದನ್ನು ಕಾಗದದ ಮೇಲೆ ಹರಡಿ ನೋಡಿದ್ದೆ. ಕೆಳಗೆ ಒಂದು ಪದರ ಕಾಫಿ ಗಷ್ಟು, ಒದ್ದೆ ಮಣ್ಣಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಬಿಳಿಯ ಮೇಣದಂಥ ಜಿಡ್ಡು. ಜಿಡ್ಡಿನೊಳಗೆ ಒಗ್ಗರಣೆಯ ಸಾಸಿವೆ ಕಾಳು, ಎರಡು ಕರಿಬೇವಿನ ಎಲೆ, ತೆಂಗಿನಕಾಯಿ ನಾರು, ಹಿತ್ತಾಳೆ ಉಜ್ಜಿದ ಹುಣಸೆಯ ಸಿಪ್ಪೆ. ಬೇರೆ ಬೇರೆಯಾಗಿ ಹೋಗಿದ್ದರೆ ಇವ್ಯಾವುವೂ ಪೈಪನ್ನು ಕಟ್ಟುತ್ತಿರಲಿಲ್ಲ. ತುಪ್ಪವೋ ಎಣ್ಣೆಯೋ ತಣ್ಣಗಾಗಿ ಗೋಡೆಗೆ ಅಂಟುತ್ತದೆ, ಉಳಿದದ್ದೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪೂ ಸುಣ್ಣದಂತೆ ಪದರ ಕಟ್ಟಿ ಇನ್ನಷ್ಟು ಬಿಗಿಯುತ್ತದೆ.

ಬಚ್ಚಲು

ಬಚ್ಚಲಿಗೆ ಪ್ಲಂಜರ್ ಕಡೆಯ ಅಸ್ತ್ರವಾಗಲಿ. ಇಲ್ಲಿ ಕಟ್ಟುವುದು ಕೂದಲು. ಒತ್ತಿದರೆ ಅದು ಕರಗುವುದಿಲ್ಲ, ಕೈಗೆ ಸಿಗದಷ್ಟು ದೂರಕ್ಕೆ ಹೋಗಿ ಕೂರುತ್ತದೆ. ತೆಗೆಯಲೇ ಬೇಕು.

ಜಾಲರಿಯ ಸುತ್ತ ಬಿಳಿ ಸಿಮೆಂಟ್ ಹಿಡಿದಿದ್ದರೆ ಹಳೆ ಚಾಕುವಿನ ತುದಿಯಿಂದ ಸುತ್ತಲೂ ಕೆರೆದು, ಸ್ಕ್ರೂಡ್ರೈವರ್ ಹಾಕಿ ಮೆಲ್ಲಗೆ ಮೀಟಿ. ಕೆಲವು ಟ್ರ್ಯಾಪುಗಳಲ್ಲಿ ಜಾಲರಿಯ ಕೆಳಗೆ ಒಂದು ಬಟ್ಟಲಿರುತ್ತದೆ, ತಿರುಗಿಸಿದರೆ ಮೇಲೆ ಬರುತ್ತದೆ. ಕಸ ಅರ್ಧಕ್ಕರ್ಧ ಅಲ್ಲೇ ಸಿಗುತ್ತದೆ. ಆಮೇಲೆ ಗ್ಲೌಸ್ ಹಾಕಿದ ಕೈಯನ್ನು ಟ್ರ್ಯಾಪಿಗೆ ಇಳಿಸಿ, ನೀರು ಹೊರಗೆ ಹೋಗುವ ಬಾಯಿ ಯಾವ ಕಡೆಗಿದೆ ಎಂದು ಬೆರಳಲ್ಲಿ ತಡವಿ ನೋಡಿ. ಅಲ್ಲೇ ಸಿಗುತ್ತದೆ ಅದು, ಹೆಬ್ಬೆರಳು ಗಾತ್ರದ ಕೂದಲ ಜಡೆ. ಸೀಗೆಪುಡಿಯ ಹಸಿರು ಕೆಸರು ಮೆತ್ತಿಕೊಂಡು ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಹಿಡಿದು ತಟ್ಟನೆ ಎಳೆಯಬೇಡಿ, ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ಎರಡು ಬೆರಳಿಗೆ ಸುತ್ತಿಕೊಳ್ಳುತ್ತಾ ನೂಲು ಬಿಚ್ಚುವ ಹಾಗೆ ತೆಗೆಯಿರಿ. ನಮ್ಮ ಮನೆಯಲ್ಲಿ ಆ ದೀಪಾವಳಿಗೆ ಬಂದದ್ದು ಮೊಳಕ್ಕಿಂತ ಉದ್ದ ಇತ್ತು. ಅದು ಈಚೆ ಬಂದ ಕೂಡಲೇ ನೀರು ಸುಳಿ ಸುತ್ತಿ ಕೆಳಗಿಳಿದ ಸದ್ದು ಇನ್ನೂ ಕಿವಿಯಲ್ಲಿದೆ.

ಕೈಗೆ ಎಟುಕದ್ದಕ್ಕೆ ತಂತಿಯ ತುದಿ ಕೊಕ್ಕೆಯಂತೆ ಬಗ್ಗಿಸಿ ಬಳಸಿ, ಇಲ್ಲವೇ ಸ್ಪ್ರಿಂಗ್ ವೈರು ಬಿಡಿ. ಕೊನೆಗೆ ಎರಡು ಬಕೆಟ್ ನೀರನ್ನು ಒಮ್ಮೆಲೆ ಸುರಿದು, ಹಿತ್ತಲ ಚೇಂಬರ್‌ನಲ್ಲಿ ಅದು ಬಂತೇ ಎಂದು ಒಬ್ಬರು ನಿಂತು ನೋಡಲಿ.

ಕಕ್ಕಸು

ಒಂದು ಸಲ ಫ್ಲಶ್ ಮಾಡಿ ನೀರು ಮೇಲೆ ಬಂದರೆ ಎರಡನೇ ಸಲ ಒತ್ತಬೇಡಿ. ನೀರು ತಾನಾಗಿ ಸ್ವಲ್ಪ ಇಳಿಯುವವರೆಗೆ ಕಾದು, ಅರ್ಧ ಬಕೆಟ್ ನೀರನ್ನು ಸೊಂಟದ ಎತ್ತರದಿಂದ ಒಂದೇ ರಭಸಕ್ಕೆ ಸುರಿಯಿರಿ. ಸಾಲದಿದ್ದರೆ ಕಕ್ಕಸಿಗೇ ಬೇರೆ ಇಟ್ಟುಕೊಂಡ ಪ್ಲಂಜರ್ ಬಳಸಿ. ಕುದಿಯುವ ನೀರು ಹಾಕಬೇಡಿ, ಪಿಂಗಾಣಿ ಬಿರುಕು ಬಿಡಬಹುದು. ಸ್ಯಾನಿಟರಿ ಪ್ಯಾಡ್, ಡೈಪರ್, ಮಗುವಿನ ಆಟದ ಸಾಮಾನು ಬಿದ್ದದ್ದು ಗೊತ್ತಿದ್ದರೆ ತಳ್ಳಲೇಬೇಡಿ. ಕೊಕ್ಕೆ ಹಾಕಿ ಮೇಲೆ ತೆಗೆಯಬೇಕು. ಪ್ಯಾಡು ನೀರು ಕುಡಿದು ಉಬ್ಬಿ ಮುಂದಿನ ಬೆಂಡಿನಲ್ಲಿ ಸಿಕ್ಕಿಕೊಂಡರೆ ನೆಲ ಅಗೆಸಬೇಕಾಗುತ್ತದೆ.

ಗಲ್ಲಿ ಟ್ರ್ಯಾಪ್ ಮತ್ತು ಚೇಂಬರ್

ಗಲ್ಲಿ ಟ್ರ್ಯಾಪಿನ ಮೇಲೊಂದು ಜಾಲರಿ ಇರಬೇಕು. ಒಡೆದಿದ್ದರೆ ಒಣ ಎಲೆ, ಪ್ಲಾಸ್ಟಿಕ್ ಕವರು, ಪಾತ್ರೆ ಉಜ್ಜುವ ನಾರು ಎಲ್ಲ ಒಳಗೆ ಹೋಗಿರುತ್ತದೆ. ಹಳೆ ಸೌಟಿನಿಂದಲೋ ಗ್ಲೌಸ್ ಕೈಯಿಂದಲೋ ತೆಗೆದು, ಹೊಸ ಜಾಲರಿ ಹಾಕಿ.

ಎರಡು ಚೇಂಬರ್‌ಗಳ ನಡುವೆ ಕಟ್ಟಿದ್ದರೆ ಬಿದಿರಿನ ದಬ್ಬೆ ಎಷ್ಟೋ ಸಲ ಸಾಕಾಗುತ್ತದೆ. ಖಾಲಿ ಇರುವ ಚೇಂಬರ್ ಕಡೆಯಿಂದ ದಬ್ಬೆ ಬಿಡಿ. ನೆಲದ ಮೇಲೆಯೇ, ಒಂದು ಪಕ್ಕಕ್ಕೆ ನಿಂತು ತಳ್ಳಿ. ಕಟ್ಟು ಬಿಟ್ಟ ಕ್ಷಣ ನೀರು ನುಗ್ಗಿ ಬರುತ್ತದೆ, ಎದುರಿಗೆ ಇರಬೇಡಿ. ಸಡಿಲವಾದ ಕಸವನ್ನು ಕೆಳಗಿನ ಚೇಂಬರ್‌ನಲ್ಲೇ ಉದ್ದ ಹಿಡಿಯ ಸೌಟಿನಿಂದ ಎತ್ತಿಬಿಡಿ, ಮುಂದಿನ ಪೈಪಿಗೆ ದಾಟಿಸಬೇಡಿ.

ಬಿಡಿಸಿದ ಎರಡು ಮೂರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತಿದ್ದರೆ ಕಸ ಕಾರಣವಲ್ಲ. ಹಳೆ ಮನೆಗಳಲ್ಲಿ ಸುಟ್ಟ ಮಣ್ಣಿನ ಪೈಪುಗಳಿಗೆ ಸಿಮೆಂಟ್ ಜಾಯಿಂಟು ಇರುತ್ತದೆ. ಅದು ಬಿರುಕು ಬಿಟ್ಟಲ್ಲಿ ತೇವ ಹುಡುಕಿಕೊಂಡು ಮರದ ಬೇರು ನುಗ್ಗುತ್ತದೆ. ದಬ್ಬೆಯ ತುದಿಗೆ ಕೂದಲಿನಂಥ ಎಳೆ ಬೇರು ಸಿಕ್ಕಿ ಬಂದರೆ ಅದೇ ಗುರುತು. ಇನ್ನೊಂದು ಕಾರಣ ಇಳಿಜಾರು. 4 ಇಂಚಿನ ಪೈಪಿಗೆ ಸುಮಾರು 4 ಅಡಿಗೆ 1 ಇಂಚಿನಷ್ಟು ಇಳಿಜಾರು ಬೇಕು. ಮಣ್ಣು ಕುಸಿದು ಪೈಪು ನಡುವೆ ತಗ್ಗಾಗಿದ್ದರೆ ಅಲ್ಲಿ ಕೆಸರು ಕೂರುತ್ತಲೇ ಇರುತ್ತದೆ. ಈ ಎರಡಕ್ಕೂ ಅಗೆದು ಪೈಪು ಬದಲಿಸುವುದೊಂದೇ ದಾರಿ. ತಿಂಗಳು ತಿಂಗಳು ಕೂಲಿ ಕೊಡುವುದಕ್ಕಿಂತ ಒಮ್ಮೆ ಪಿವಿಸಿ ಹಾಕಿಸುವುದು ಅಗ್ಗ ಎನ್ನುವುದು ನನ್ನ ಅನುಭವ.

ಇಲ್ಲಿ ಒಂದು ಮಾತನ್ನು ಎಲ್ಲರೂ ಕೇಳಬೇಕು. ಚೇಂಬರ್, ಮ್ಯಾನ್‌ಹೋಲ್, ಪಿಟ್ಟು ಯಾವುದಕ್ಕೂ ನೀವು ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಕೊಳೆತ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅನಿಲ ಹೆಚ್ಚಾದರೆ ಮೂಗಿಗೆ ಆ ವಾಸನೆಯೇ ತಿಳಿಯದಂತಾಗುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಪಿಟ್ಟಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ, ಅದು ಶಿಕ್ಷೆಯಾಗುವ ಅಪರಾಧ. "ಐನೂರು ಕೊಡಿ, ಇಳಿದು ತೆಗೀತೀನಿ" ಎಂದು ಯಾರಾದರೂ ತಾವಾಗಿ ಬಂದರೂ ಬೇಡ ಅನ್ನಿ. ಕೊಳಚೆ ಹೀರುವ ಸಕ್ಕಿಂಗ್ ಗಾಡಿ, ನೀರು ರಭಸದಿಂದ ಚಿಮ್ಮಿಸುವ ಜೆಟ್ಟಿಂಗ್ ಗಾಡಿ ತರಿಸಿ.

ಸುರಿಯುವ ವಸ್ತುಗಳ ಬಗ್ಗೆ

ಬಿಸಿ ನೀರು ಒಳ್ಳೆಯದು, ಆದರೆ ಕುದಿಯುವ ನೀರಲ್ಲ. ಪಿವಿಸಿ ಪೈಪು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮೆತ್ತಗಾಗುತ್ತಾ ಹೋಗುತ್ತದೆ, ಜಾಯಿಂಟು ಸಡಿಲವಾಗುತ್ತದೆ. ಹಂಡೆಯಲ್ಲಿ ಕಾದ ಸ್ನಾನದ ನೀರಿಗಿಂತ ತುಸು ಹೆಚ್ಚು ಬಿಸಿಯಿದ್ದರೆ ಸಾಕು. ಜಿಡ್ಡಿಗೆ ಬಟ್ಟೆ ಒಗೆಯುವ ಸೋಡಾ ಎರಡು ಮೂರು ಚಮಚ ಹಾಕಿ, ಅರ್ಧ ಗಂಟೆ ಬಿಟ್ಟು ಈ ನೀರು ಬಿಡಿ. ನಿಧಾನವಾಗಿ ಹೋಗುತ್ತಿರುವ ಪೈಪಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಪೂರ್ತಿ ಕಟ್ಟಿದ್ದಕ್ಕೆ ಮಾಡುವುದಿಲ್ಲ.

ಅಡಿಗೆ ಸೋಡಾ ಮತ್ತು ವಿನೆಗರ್ ಹಾಕಿ ಎಂದು ಮೊಬೈಲಿನಲ್ಲಿ ಎಲ್ಲರೂ ತೋರಿಸುತ್ತಾರೆ. ನೊರೆ ಬರುವುದು ನಿಜ. ಆದರೆ ಕ್ಷಾರ ಮತ್ತು ಆಮ್ಲ ಒಂದನ್ನೊಂದು ತಿಂದು ಹಾಕಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪು ನೀರು. ವಾಸನೆ ಸ್ವಲ್ಪ ಹೋಗಬಹುದು, ಕೂದಲ ಜಡೆ ಅಲ್ಲಾಡುವುದಿಲ್ಲ.

ಪೈಪು ಬಿಡಿಸಲೆಂದು ಅಂಗಡಿಯಲ್ಲಿ ಕೊಡುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಇದು ಜಿಡ್ಡನ್ನು ಸೋಪಾಗಿಸುತ್ತದೆ, ಕೂದಲನ್ನೂ ಕರಗಿಸುತ್ತದೆ. ನೀರು ತಾಗಿದ ಕೂಡಲೇ ವಿಪರೀತ ಬಿಸಿಯಾಗುತ್ತದೆ, ಚರ್ಮವನ್ನು ಸುಡುತ್ತದೆ. ಬಳಸಲೇಬೇಕಾದರೆ ಗ್ಲೌಸ್, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ. ಪೊಟ್ಟಣದ ಮೇಲೆ ಬರೆದ ಅಳತೆಯನ್ನು ಮೀರಬೇಡಿ. ಅಲ್ಯೂಮಿನಿಯಂ ಪಾತ್ರೆಗೆ ತಾಗಿಸಬೇಡಿ. ಹಾಕಿದ ಮೇಲೆ ಪ್ಲಂಜರ್ ಒತ್ತಬೇಡಿ, ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕಡಿಮೆಯೆಂದರೂ 20 ನಿಮಿಷ ತೊಳೆದು, ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆಮೇಲೆ ಪ್ಲಂಬರ್ ಬಂದರೆ ಇದನ್ನು ಹಾಕಿದ್ದೇವೆ ಎಂದು ಮೊದಲು ಹೇಳಿಬಿಡಿ, ಪೈಪಿಗೆ ಕೈ ಹಾಕುವವರು ಅವರು.

ಆಸಿಡ್ ಬೇಡವೇ ಬೇಡ. ಕಡಪ, ಮಾರ್ಬಲ್, ಮೊಸಾಯಿಕ್, ಸಿಮೆಂಟ್ ಜಾಯಿಂಟು, ಸ್ಟೀಲ್ ಸಿಂಕು ಎಲ್ಲವನ್ನೂ ತಿನ್ನುತ್ತದೆ, ಜಿಡ್ಡನ್ನು ಮಾತ್ರ ಸರಿಯಾಗಿ ತಿನ್ನುವುದಿಲ್ಲ. ಕಾಸ್ಟಿಕ್ ಹಾಕಿದ ಪೈಪಿಗೆ ಆಸಿಡ್ ಬಿದ್ದರೆ ಕುದಿದು ಉಕ್ಕುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಬಚ್ಚಲಿಗೆ ಆಸಿಡ್ಡೋ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ರೋ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಅದು ಪ್ರಾಣಕ್ಕೇ ಅಪಾಯ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ. ಎರಡೂ ಬಾಟಲಿ ಒಂದೇ ಮೂಲೆಯಲ್ಲಿ ಇಡಬೇಡಿ.

ಕಟ್ಟದಂತೆ ನೋಡಿಕೊಳ್ಳುವುದು

ನಮ್ಮ ಕಡೆಯ ಅಡಿಗೆಗೆ ತಕ್ಕ ಎಚ್ಚರ ಬೇಕು. ಮುದ್ದೆ ಮಾಡಿದ ಪಾತ್ರೆಯನ್ನು ನೆನೆಹಾಕಿ, ತಳದ ಸೀಕನ್ನು ಕೈಯಲ್ಲಿ ಎಬ್ಬಿಸಿ ಕಸಕ್ಕೋ ಗಿಡದ ಬುಡಕ್ಕೋ ಹಾಕಿ. ರಾಗಿಹಿಟ್ಟು ಪೈಪಿನೊಳಗೆ ಕೂತು ಒಣಗಿದರೆ ಗಾರೆಯೇ. ದೋಸೆ ಹಿಟ್ಟಿನ ಗ್ರೈಂಡರ್ ತೊಳೆದ ಮೊದಲ ನೀರನ್ನೂ ಗಿಡಕ್ಕೆ ಹಾಕಬಹುದು. ಕಾಫಿ ಗಷ್ಟು, ಚಹಾ ಚರಟ ಸಿಂಕಿಗೆ ಬೇಡ. ಕರಿದ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿಡಿ. ಬಾಣಲೆ, ತುಪ್ಪದ ಮಿಳ್ಳೆಯನ್ನು ಮೊದಲು ಹಳೆ ಪೇಪರಿನಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಹಿಂದೆ ಹಿತ್ತಲಲ್ಲಿ ಮುಸುರೆ ತಿಕ್ಕುವಾಗ ಅನ್ನದ ಅಗುಳೆಲ್ಲ ಕಲಗಚ್ಚಿಗೆ ಹೋಗುತ್ತಿತ್ತು, ಹಸು ಕುಡಿಯುತ್ತಿತ್ತು. ಈಗ ಅದೆಲ್ಲ ಒಂದೂವರೆ ಇಂಚಿನ ಪೈಪಿಗೆ ಇಳಿಯುತ್ತಿದೆ. ಸಿಂಕಿನ ತೂತಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿ, ದಿನಾ ರಾತ್ರಿ ಕಸಕ್ಕೆ ಕೊಡವಿ.

ಎಣ್ಣೆ ನೀರು ಹಾಕಿಕೊಳ್ಳುವ ದಿನ ಮೊದಲು ಒಣ ತಲೆ ಬಾಚಿ ಉದುರುವ ಕೂದಲನ್ನು ತೆಗೆದುಬಿಡಿ. ಬಚ್ಚಲ ಜಾಲರಿಯ ಮೇಲೆ ಹಳೆ ಕಾಟನ್ ಬಟ್ಟೆಯ ತುಂಡೊಂದನ್ನು ಹಾಸಿ, ಮೇಲೆ ಕಲ್ಲಿಡಿ. ನೀರು ಸೋಸಿ ಹೋಗುತ್ತದೆ, ಸೀಗೆಪುಡಿಯೂ ಕೂದಲೂ ಬಟ್ಟೆಯಲ್ಲಿ ಉಳಿಯುತ್ತದೆ. ಇಬ್ಬರು ಮೂವರು ಸ್ನಾನ ಮಾಡಿದ ಮೇಲೊಮ್ಮೆ ಕೊಡವಿ ಮತ್ತೆ ಹಾಸಿ. ನಮ್ಮ ಮನೆಯಲ್ಲಿ ಈಗ ಯುಗಾದಿ, ದೀಪಾವಳಿ ಎರಡಕ್ಕೂ ಇದೇ ರೂಢಿ.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಒಮ್ಮೆ ಎಲ್ಲ ಚೇಂಬರ್ ಮುಚ್ಚಳ ಎತ್ತಿ ನೋಡಿ. ತಾರಸಿಯ ಮಳೆನೀರಿನ ಪೈಪನ್ನು ಚೇಂಬರ್‌ಗೆ ಸೇರಿಸಿದ್ದರೆ ಬಿಡಿಸಿ. ಮಳೆನೀರು ಹೋಗಬೇಕಾದ್ದು ಇಂಗುಗುಂಡಿಗೋ ರಸ್ತೆ ಬದಿಯ ಚರಂಡಿಗೋ. ಯುಜಿಡಿ ಅಷ್ಟು ನೀರಿಗೆಂದು ಹಾಕಿದ್ದಲ್ಲ. ಜೋರು ಮಳೆಗೆ ತಗ್ಗಿನ ಬೀದಿಗಳಲ್ಲಿ ಮ್ಯಾನ್‌ಹೋಲ್ ಉಕ್ಕಿ ಯಾರದೋ ಮನೆಯ ಬಚ್ಚಲಿಗೆ ಕೊಳಚೆ ನುಗ್ಗುವುದರಲ್ಲಿ ಎತ್ತರದ ಬೀದಿಯ ನಮ್ಮ ತಾರಸಿಯ ನೀರಿನ ಪಾಲೂ ಇರುತ್ತದೆ.

ಚೇಂಬರ್ ತೆರೆದ ದಿನವೇ ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆದುಬಿಡಿ. ಯಾವ ಪೈಪು ಎಲ್ಲಿಂದ ಎಲ್ಲಿಗೆ, ಯಾವ ಚೇಂಬರ್ ಯಾವ ಗಿಡದ ಪಕ್ಕ, ಗಲ್ಲಿ ಟ್ರ್ಯಾಪ್ ಗೋಡೆಯಿಂದ ಎಷ್ಟು ಅಡಿ ಎಂದು ಬರೆದು, ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ನಮ್ಮ ಮಾವನವರು ಟೈಲ್ಸ್ ಹಾಕಿಸುವಾಗ ಒಂದು ಚೇಂಬರ್ ಮುಚ್ಚಿಹೋಗಿತ್ತು. ಅದನ್ನು ಹುಡುಕಲು ನಾವು ಎರಡು ಕಡೆ ನೆಲ ಒಡೆಯಬೇಕಾಯಿತು.